ಡಿಕ್ಕಿಯಾದ ಸೈಕಲ್ಲಿನ ರಿಪೇರಿಗೆ ಕೇಳಿದ ಹಣ ನ್ಯಾಯವೇ? ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯನ್ನು ಒಂದು ಕಾಲದಲ್ಲಿ ಸೈಕಲ್ಲುಗಳ ಊರು ಎಂದೇ ಕರೆಯುತ್ತಿದ್ದರು. ಇಂದು ಕರ್ವೆ ರಸ್ತೆಯಲ್ಲಿ ಅಥವಾ ಹಿಂಜವಡಿಯ ದಾರಿಯಲ್ಲಿ ಸೈಕಲ್ ತುಳಿಯುವವರು ಬಸ್ಸು, ಕಾರು, ಸ್ಕೂಟರುಗಳ ನಡುವೆ ಜಾಗ ಹುಡುಕಿಕೊಂಡು ಸಾಗಬೇಕು, ಡಿಕ್ಕಿಗಳು ಅಪರೂಪವಲ್ಲ. ಸೊಲ್ಲಾಪುರ, ವಿಜಯಪುರ, ಬೆಳಗಾವಿ, ಧಾರವಾಡಗಳ ಕಡೆಯಿಂದ ಓದಲು, ದುಡಿಯಲು ಬಂದ ನಮ್ಮವರು ಹೀಗೆ ಬಿದ್ದು ಎದ್ದ ಮೇಲೆ, ಅಂಗಡಿಯಲ್ಲಿ ಹೇಳಿದ ಮೊತ್ತ ಕೇಳಿ ಏನು ಮಾಡಬೇಕೆಂದು ತೋಚದೆ ನನಗೆ ಕರೆ ಮಾಡುವುದುಂಟು. ಈ ಊರಿನಲ್ಲಿ ಬಹಳ ವರ್ಷ ಸೈಕಲ್ ತುಳಿದು, ಬಿಡುವಿನಲ್ಲಿ ರಿಪೇರಿಯನ್ನೂ ತಕ್ಕಮಟ್ಟಿಗೆ ಕಲಿತಿರುವುದರಿಂದ, ಅವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಒಟ್ಟು ಮೊತ್ತ ನೋಡಿ ಕೊಟೇಶನ್ (ರಿಪೇರಿಯ ಅಂದಾಜು ಪಟ್ಟಿ) ನ್ಯಾಯವೋ ಅನ್ಯಾಯವೋ ಎಂದು ಹೇಳಬಹುದೇ?

ಹೇಳಲಾಗದು. ಆರು ಸಾವಿರ ರೂಪಾಯಿ ಎಂಬ ಮೊತ್ತ ಒಂದು ಸೈಕಲ್ಲಿಗೆ ಅಗ್ಗವಾಗಬಹುದು, ಅದೇ ಬೀದಿಯ ಇನ್ನೊಂದು ಸೈಕಲ್ಲಿಗೆ ಸುಲಿಗೆಯಾಗಬಹುದು. ನೋಡಬೇಕಾದದ್ದು ಪಟ್ಟಿಯ ಒಂದೊಂದು ಸಾಲನ್ನು. ಪ್ರತಿ ಸಾಲಿಗೂ ಮೂರು ಮಾತು ಕೇಳಿ: ಈ ಭಾಗಕ್ಕೆ ಏನಾಗಿದೆ, ಅದನ್ನು ನನಗೆ ತೋರಿಸಬಲ್ಲಿರಾ, ಅದು ಈ ಡಿಕ್ಕಿಯಿಂದಲೇ ಆದದ್ದೇ? ಮೂರಕ್ಕೂ ಉತ್ತರ ಕೊಡಬಲ್ಲ ಮೆಕ್ಯಾನಿಕ್‌ನ ಪಟ್ಟಿ ದೊಡ್ಡದಾಗಿದ್ದರೂ ನಾನು ನಂಬುತ್ತೇನೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸದೆ, ಗಾಲಿಯನ್ನು ಒಮ್ಮೆಯೂ ತಿರುಗಿಸದೆ, ನಿಂತಲ್ಲೇ ಮೊತ್ತ ಹೇಳಿದವರ ಲೆಕ್ಕ ಚಿಕ್ಕದಿದ್ದರೂ ನಂಬುವುದಿಲ್ಲ.

ಪ್ರಶ್ನೆ: ಡಿಕ್ಕಿಯಾದ ಕೂಡಲೇ ಏನು ಮಾಡಿದರೆ ಮುಂದೆ ಅಂದಾಜು ಪರಿಶೀಲಿಸಲು ಅನುಕೂಲ?

ಮೊದಲು ನಿಮ್ಮ ಮೈ ನೋಡಿಕೊಳ್ಳಿ. ಪೆಟ್ಟಾಗಿದ್ದರೆ 112ಕ್ಕೆ ಕರೆ ಮಾಡಿ. ನಂತರ ಸೈಕಲ್ ಬಿದ್ದ ಸ್ಥಿತಿಯಲ್ಲಿಯೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಎದುರಿನ ವಾಹನದ ನಂಬರು ಪ್ಲೇಟು ಮತ್ತು ಅದಕ್ಕೆ ತಗುಲಿದ ಗುರುತುಗಳನ್ನೂ ಸೇರಿಸಿ. ಹ್ಯಾಂಡಲ್ ತಿರುಚಿಕೊಂಡಿದ್ದರೆ ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಇರುಕಿಸಿ ನೇರ ಮಾಡುವುದು ನಮ್ಮೆಲ್ಲರ ಅಭ್ಯಾಸ. ಫೋಟೋ ಆಗುವವರೆಗೆ ಅದನ್ನು ತಡೆದುಕೊಳ್ಳಿ.

ಮಳೆಗಾಲದಲ್ಲಿ ಇನ್ನೊಂದು ಕಾರಣಕ್ಕೂ ಫೋಟೋ ಬೇಕು. ಹೊಸದಾಗಿ ಮುರಿದ ಅಥವಾ ಉಜ್ಜಿದ ಕಬ್ಬಿಣ ಹೊಳೆಯುತ್ತದೆ, ಹಳೆಯ ಬಿರುಕಿನೊಳಗೆ ಕೊಳೆಯೂ ತುಕ್ಕೂ ಕೂತಿರುತ್ತದೆ. ಈ ವ್ಯತ್ಯಾಸವೇ ಡಿಕ್ಕಿಯ ಪೆಟ್ಟನ್ನು ಹಳೆಯ ಸವೆತದಿಂದ ಬೇರ್ಪಡಿಸುವ ಅತ್ಯಂತ ಒಳ್ಳೆಯ ಸಾಕ್ಷಿ. ಆದರೆ ಜುಲೈ ತಿಂಗಳ ಪುಣೆಯಲ್ಲಿ ಹೊರಗೆ ನಿಲ್ಲಿಸಿದ ಸೈಕಲ್ಲಿನ ಹೊಸ ಗಾಯಕ್ಕೆ ಎರಡೇ ದಿನದಲ್ಲಿ ತುಕ್ಕು ಹಿಡಿಯುತ್ತದೆ. ಪೆಡಲಿನ ಆಕ್ಸಲ್ಲು ಕೂಡುವ ಜಾಗದ ಕೆಳಗೆ ಸಾಮಾನ್ಯವಾಗಿ ಫ್ರೇಮಿನ ನಂಬರು ಕೊರೆದಿರುತ್ತದೆ. ಅದರದ್ದೂ ಒಂದು ಫೋಟೋ ಇರಲಿ.

ಪ್ರಶ್ನೆ: ಅಂಗಡಿಗೆ ಒಯ್ಯುವ ಮೊದಲು ಮನೆಯಲ್ಲೇ ಏನನ್ನು ಪರೀಕ್ಷಿಸಬಹುದು?

ಬಹಳಷ್ಟನ್ನು ಪರೀಕ್ಷಿಸಬಹುದು, ಅದಕ್ಕೆ ಬೇಕಾದದ್ದು ಒಂದು ದಾರ, ಒಂದು ಅಳತೆಪಟ್ಟಿ, ಹಗಲಿನ ಬೆಳಕು ಮತ್ತು ಅರ್ಧ ಗಂಟೆ ಸಮಯ. ಈ ಅರ್ಧ ಗಂಟೆ ಕಳೆದವರು ಅಂಗಡಿಯಲ್ಲಿ ಬೇರೆಯೇ ರೀತಿ ಮಾತಾಡುವುದನ್ನು ನಾನು ಕಂಡಿದ್ದೇನೆ.

ಮುಂದಿನಿಂದ ಪೆಟ್ಟು ಬಿದ್ದಿದ್ದರೆ ಫ್ರೇಮಿನ ಕುತ್ತಿಗೆಯಿಂದ ಆರಂಭಿಸಿ. ಹ್ಯಾಂಡಲ್ ಕೂರುವ ಗಿಡ್ಡ ಕೊಳವೆಯ ಹಿಂದೆ, ಮೇಲಿನ ಮತ್ತು ಕೆಳಗಿನ ಕೊಳವೆಗಳು ಕೂಡುವಲ್ಲಿ, ಅದರಲ್ಲೂ ಕೆಳಗಿನ ಕೊಳವೆಯ ಅಡಿಭಾಗದಲ್ಲಿ, ಬೆರಳು ಆಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ, ಸಣ್ಣ ಉಬ್ಬು ಕೈಗೆ ಸಿಕ್ಕಿದರೆ, ಕೂದಲೆಳೆಯಂಥ ಬಿರುಕು ಕಂಡರೆ ಒಳಗಿನ ಲೋಹ ಮಡಿಚಿಕೊಂಡಿದೆ ಎಂದು ತಿಳಿಯಬೇಕು. ಆಮೇಲೆ ಸೈಕಲ್ಲಿನ ಪಕ್ಕದಲ್ಲಿ ನಾಲ್ಕು ಹೆಜ್ಜೆ ದೂರ ನಿಂತು ಫೋರ್ಕನ್ನು, ಅಂದರೆ ಮುಂದಿನ ಗಾಲಿಯನ್ನು ಹಿಡಿದಿರುವ ಕವಲನ್ನು, ನೋಡಿ. ಅದು ಹಿಂದಕ್ಕೆ ಒತ್ತಿಕೊಂಡಿದ್ದರೆ ಗಾಲಿಗೂ ಕೆಳಗಿನ ಕೊಳವೆಗೂ ನಡುವಿನ ಅಂತರ ಮೊದಲಿಗಿಂತ ಕಡಿಮೆಯಾಗಿರುತ್ತದೆ, ಹ್ಯಾಂಡಲ್ ತಿರುಗಿಸಿದಾಗ ಪೆಡಲಿನ ಮೇಲಿನ ಕಾಲಿನ ತುದಿ ಗಾಲಿಗೆ ತಾಗತೊಡಗುತ್ತದೆ. ಮುಂಭಾಗವನ್ನು ಎತ್ತಿ ಹಿಡಿದು ಹ್ಯಾಂಡಲನ್ನು ಮೆಲ್ಲಗೆ ಆ ತುದಿಯಿಂದ ಈ ತುದಿಗೆ ತಿರುಗಿಸಿ. ನಡುವೆ ಎಲ್ಲಿಯಾದರೂ ಬಿಗಿಯಾಗಿ ಸಿಕ್ಕಿಕೊಂಡರೆ ಫೋರ್ಕಿನ ಮೇಲ್ಕೊಳವೆಗೋ ಅಲ್ಲಿನ ಬೇರಿಂಗಿಗೋ ಪೆಟ್ಟಾಗಿದೆ.

ಇನ್ನು ದಾರದ ಪರೀಕ್ಷೆ. ಹಿಂದಿನ ಗಾಲಿಯ ಆಕ್ಸಲ್ ಕೂರುವ ಒಂದು ಬದಿಯ ಕೊಂಡಿಗೆ ದಾರ ಕಟ್ಟಿ, ಅದನ್ನು ಮುಂದಕ್ಕೆ ಎಳೆದು ಹ್ಯಾಂಡಲ್ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಯಿಂದ ಹಿಂದಕ್ಕೆ ತಂದು ಎದುರು ಕೊಂಡಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಎರಡೂ ಸಮನಾಗಿದ್ದರೆ ಫ್ರೇಮಿನ ಹಿಂಭಾಗ ನೇರವಾಗಿದೆ. ವ್ಯತ್ಯಾಸ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅದು ಬಾಗಿರುವ ಸಂಭವವಿದ್ದು, ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಫ್ರೇಮ್ ಬೆಂಡಾಗಿದೆ ಎಂದು ಅಂಗಡಿಯಲ್ಲಿ ಹೇಳಿದಾಗ, ಎಷ್ಟು ಎಂದು ಕೇಳುವ ಹಕ್ಕು ನಿಮಗೆ ಈ ಅಳತೆಯಿಂದ ಬರುತ್ತದೆ.

ಕೊನೆಯದಾಗಿ ಎರಡೂ ಗಾಲಿಗಳನ್ನು ತಿರುಗಿಸಿ ನೋಡಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ ಚೈನಿನ ಚಕ್ರ ಅತ್ತಿತ್ತ ಓಲಾಡುತ್ತದೆಯೇ ಗಮನಿಸಿ. ಬ್ರೇಕ್ ಹಿಡಿಗಳನ್ನು ಬಿಗಿಯಾಗಿ ಒತ್ತಿ ನೋಡಿ. ಹೈಡ್ರಾಲಿಕ್ ಬ್ರೇಕಾದರೆ ಹಿಡಿಯ ಬುಡದಲ್ಲಿ ಎಣ್ಣೆಯ ತೇವವಿದೆಯೇ ಪರೀಕ್ಷಿಸಿ.

ಪ್ರಶ್ನೆ: ಗಾಲಿಯನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಬೆಂಡ್ ತೆಗೆದರೆ ಸಾಲದೇ?

ಪಟ್ಟಿಯಲ್ಲಿ ಹೆಚ್ಚು ತಕರಾರು ಹುಟ್ಟುವುದು ಈ ಸಾಲಿನಲ್ಲಿ. ಗಾಲಿ ಪಕ್ಕಕ್ಕೆ ಕೆಲವು ಮಿಲಿಮೀಟರು ಓಲಾಡುವುದು ಒಂದು ಬಗೆ, ರಿಮ್ಮೇ ಮಡಿಚಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದನ್ನು ಸ್ಪೋಕುಗಳ (ಗಾಲಿಯ ಕಡ್ಡಿಗಳ) ಬಿಗಿತ ಹೊಂದಿಸಿ ಸರಿಪಡಿಸಬಹುದು. ಅದು ಒಳ್ಳೆಯ ಕೈ ಇರುವ ಮೆಕ್ಯಾನಿಕ್‌ಗೆ ಅರ್ಧ ಗಂಟೆಯಿಂದ ಒಂದು ಗಂಟೆಯ ಕೆಲಸ. ಸುಟ್ಟ ಹಪ್ಪಳದಂತೆ ತಿರುಚಿಕೊಂಡ ಗಾಲಿ, ಅಥವಾ ಒಂದೇ ಜಾಗದಲ್ಲಿ ಚೂಪಾಗಿ ತಗ್ಗಿದ ರಿಮ್ಮು ಎರಡನೆಯ ಬಗೆ.

ಸಂಶಯ ಬಂದರೆ ನಿರ್ಣಯಿಸಲು ಒಂದು ಪ್ರಾಮಾಣಿಕ ವಿಧಾನವಿದೆ. ಬಾಗಿದ ಜಾಗದ ಸ್ಪೋಕುಗಳನ್ನು ಸಡಿಲಿಸಿದಾಗ ರಿಮ್ಮು ತನ್ನಷ್ಟಕ್ಕೆ ನೇರವಾದರೆ ಲೋಹ ಇನ್ನೂ ಸರಿಯಾಗಿದೆ ಎಂದರ್ಥ. ಸ್ಪೋಕು ಸಡಿಲವಾದ ಮೇಲೂ ರಿಮ್ಮು ಬಾಗಿಯೇ ಉಳಿದರೆ, ಅದನ್ನು ಸ್ಪೋಕುಗಳ ಬಲದಿಂದ ಎಳೆದು ನಿಲ್ಲಿಸಿದರೂ ಬಿಗಿತ ಏರುಪೇರಾಗಿ, ಕೆಲವೇ ವಾರಗಳಲ್ಲಿ ಕಡ್ಡಿಗಳು ಒಂದೊಂದಾಗಿ ತುಂಡಾಗುತ್ತವೆ. ಆಗ ರಿಮ್ ಬದಲಾವಣೆ ನ್ಯಾಯವಾದದ್ದೇ.

ಆದರೆ ರಿಮ್ ಬದಲಿಸುವುದೂ ಇಡೀ ಗಾಲಿ ಬದಲಿಸುವುದೂ ಬೇರೆ ಬೇರೆ ಲೆಕ್ಕಗಳು. ಗಾಲಿಯ ನಡುವಿನ ಹಬ್ಬು ಡಿಕ್ಕಿಯಲ್ಲಿ ಕೆಡುವುದು ಕಡಿಮೆ. ಹಬ್ಬು ಒಳ್ಳೆಯದಾಗಿದ್ದರೆ ಅದನ್ನೇ ಉಳಿಸಿಕೊಂಡು ಹೊಸ ರಿಮ್ಮು, ಹೊಸ ಸ್ಪೋಕು ಹಾಕಿ ಕಟ್ಟಿಸಬಹುದು. ರಿಮ್ಮಿನ ತೂತುಗಳ ಸಂಖ್ಯೆ ಹಬ್ಬಿನದ್ದಕ್ಕೆ ಸರಿಹೊಂದಬೇಕು, ಅಷ್ಟೇ. ನಮ್ಮ ಊರಿನ ಹಳೆಯ ಕಪ್ಪು ಸೈಕಲ್ಲಿನಲ್ಲಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳಿರುತ್ತವೆ. ಗೇರು ಸೈಕಲ್ಲುಗಳಲ್ಲಿ 32 ಅಥವಾ 36 ಸಾಮಾನ್ಯ. ಅಗ್ಗದ ಸೈಕಲ್ಲಿಗೆ ಸಿದ್ಧ ಗಾಲಿಯನ್ನೇ ತಂದು ಹಾಕುವುದು ಕಟ್ಟಿಸುವ ಮಜೂರಿಗಿಂತ ಕಡಿಮೆಗೆ ಮುಗಿಯಬಹುದು, ಹಾಗಾಗಿ ಎರಡಕ್ಕೂ ಪ್ರತ್ಯೇಕ ಅಂದಾಜು ಬರೆಸಿಕೊಳ್ಳಿ.

ಪ್ರಶ್ನೆ: ಫ್ರೇಮು ಬಾಗಿದೆ, ನೇರ ಮಾಡಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಫ್ರೇಮು ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ಉತ್ತರ ನಿಂತಿದೆ. ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕು. ಉಕ್ಕಿನ ಫ್ರೇಮಿನ ಹಿಂಭಾಗ ಸ್ವಲ್ಪ ಬಾಗಿದ್ದರೆ ತಿಳಿದವರು ತಣ್ಣಗಿನ ಸ್ಥಿತಿಯಲ್ಲೇ ಅದನ್ನು ಮರಳಿ ನೇರಕ್ಕೆ ತರಬಲ್ಲರು. ಗ್ಯಾಸ್ ಹಚ್ಚಿ ಕಾಯಿಸಿ ಬಡಿಯುವವರ ಕೈಗೆ ಮಾತ್ರ ಕೊಡಬೇಡಿ. ಕುತ್ತಿಗೆಯ ಬಳಿ ಸುಕ್ಕುಗಟ್ಟಿದ ಫ್ರೇಮನ್ನು ಉಕ್ಕಿನದ್ದಾದರೂ ನಾನು ಮತ್ತೆ ರಸ್ತೆಗಿಳಿಸುವುದಿಲ್ಲ.

ಅಲ್ಯೂಮಿನಿಯಮ್ಮಿನ ಫ್ರೇಮು, ಫೋರ್ಕು, ಹ್ಯಾಂಡಲ್ ಬಾಗಿದರೆ ಅವನ್ನು ನೇರ ಮಾಡಿಸಬಾರದು. ಒಮ್ಮೆ ಬಾಗಿ ಮತ್ತೆ ನೇರವಾದ ಅಲ್ಯೂಮಿನಿಯಮ್ ಒಳಗೇ ದುರ್ಬಲವಾಗಿ, ಮುನ್ಸೂಚನೆ ಕೊಡದೆ ತುಂಡಾಗುತ್ತದೆ. ಇಳಿಜಾರಿನಲ್ಲಿ ಹ್ಯಾಂಡಲ್ ಮುರಿದರೆ ಏನಾಗುತ್ತದೆ ಎಂದು ಕಾತ್ರಜ್ ಘಾಟಿಯಲ್ಲಿ ಇಳಿದವರಿಗೆ ವಿವರಿಸಬೇಕಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಹೊಸ ಹ್ಯಾಂಡಲ್ ಎಂದು ಬರೆದಿದ್ದರೆ, ಹಳೆಯದು ಬಾಗಿರುವುದು ನಿಜವಾದರೆ, ಚೌಕಾಸಿ ಮಾಡದೆ ಒಪ್ಪಿಕೊಳ್ಳಿ.

ಕಾರ್ಬನ್ ಫ್ರೇಮಿನ ವಿಷಯ ಇನ್ನೂ ಸೂಕ್ಷ್ಮ. ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ಮೆಲ್ಲಗೆ ಬಡಿಯುತ್ತಾ ಹೋದಾಗ ಗಟ್ಟಿ ದನಿ ಒಂದು ಜಾಗದಲ್ಲಿ ಮಂಕಾದರೆ ಅನುಮಾನಿಸಬೇಕು, ಆದರೆ ದನಿ ಸರಿಯಿದೆ ಎಂದಾಕ್ಷಣ ನಿಶ್ಚಿಂತರಾಗುವಂತಿಲ್ಲ. ಕಾರ್ಬನ್ ತಿಳಿದವರಿಂದ ಪರೀಕ್ಷೆ ಮಾಡಿಸಲು ಪಟ್ಟಿಯಲ್ಲಿ ಪ್ರತ್ಯೇಕ ಹಣ ಹಾಕಿದ್ದರೆ ಅದು ಅತಿರೇಕವಲ್ಲ. ಡಿಕ್ಕಿಯ ಹಾನಿಗೆ ಕಂಪನಿಯ ವಾರಂಟಿ ಸಾಮಾನ್ಯವಾಗಿ ಅನ್ವಯಿಸದಿದ್ದರೂ, ಕೆಲವು ಕಂಪನಿಗಳು ಮೊದಲ ಖರೀದಿದಾರರಿಗೆ ಹೊಸ ಫ್ರೇಮನ್ನು ರಿಯಾಯಿತಿ ದರದಲ್ಲಿ ಕೊಡುತ್ತವೆ. ಬಿಲ್ಲು ಹಿಡಿದು ಡೀಲರನ್ನು ಒಮ್ಮೆ ವಿಚಾರಿಸಿ.

ಪ್ರಶ್ನೆ: ಬಿದ್ದ ಮೇಲೆ ಗೇರು ಸರಿಯಾಗಿ ಬೀಳುತ್ತಿಲ್ಲ. ಇಡೀ ಗೇರ್ ಸೆಟ್ ಬದಲಿಸಬೇಕೇ?

ಹೆಚ್ಚಿನ ಸಂದರ್ಭಗಳಲ್ಲಿ ಬೇಡ. ಸೈಕಲ್ ಬಲಕ್ಕೆ ಬಿದ್ದಾಗ ಪೆಟ್ಟು ತಿನ್ನುವುದು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ನೇತಾಡುವ ಹ್ಯಾಂಗರ್ ಎಂಬ ಚಿಕ್ಕ ತುಂಡು. ಅಲ್ಯೂಮಿನಿಯಮ್ ಮತ್ತು ಕಾರ್ಬನ್ ಫ್ರೇಮುಗಳಲ್ಲಿ ಅದನ್ನು ಬೇಕೆಂದೇ ಮೆದುವಾಗಿ, ಬಿಚ್ಚಿ ಬದಲಿಸುವಂತೆ ಮಾಡಿರುತ್ತಾರೆ: ಅದು ಬಾಗಿದರೆ ಫ್ರೇಮು ಉಳಿಯುತ್ತದೆ. ಸೈಕಲ್ಲಿನ ಹಿಂದೆ ನಿಂತು ನೋಡಿದಾಗ ಡಿರೇಲರಿನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲುಚಕ್ರಗಳಿಗೆ ಸಮಾಂತರವಾಗಿರದೆ ಒಳಕ್ಕೆ ವಾಲಿದ್ದರೆ ಹ್ಯಾಂಗರ್ ಬಾಗಿದೆ ಎಂದೇ ಮೊದಲು ಶಂಕಿಸಬೇಕು. ಅದನ್ನು ಅಳೆದು ಹೊಂದಿಸುವ ಉಪಕರಣ ಗೇರು ಸೈಕಲ್ ರಿಪೇರಿ ಮಾಡುವ ಪ್ರತಿ ಅಂಗಡಿಯಲ್ಲೂ ಇರತಕ್ಕದ್ದು. ಹ್ಯಾಂಗರನ್ನು ನೋಡದೆಯೇ ಡಿರೇಲರ್, ಶಿಫ್ಟರ್ (ಗೇರು ಬದಲಿಸುವ ಹಿಡಿ), ಕೇಬಲ್ ಎಲ್ಲವನ್ನೂ ಪಟ್ಟಿಗೆ ಸೇರಿಸಿದ್ದರೆ, ಮೊದಲು ಹ್ಯಾಂಗರ್ ಸರಿಮಾಡಿ, ಆಮೇಲೆ ಗೇರು ಬೀಳದಿದ್ದರೆ ಮುಂದಿನದನ್ನು ನೋಡೋಣ ಎಂದು ಹೇಳಿ.

ಡಿಸ್ಕ್ ಬ್ರೇಕಿನ ತಟ್ಟೆಗೂ ಇದೇ ಮಾತು. ಸ್ವಲ್ಪ ಓಲಾಡುವ ತಟ್ಟೆಯನ್ನು ನೇರ ಮಾಡಬಹುದು, ಮಡಿಚಿದ್ದನ್ನು ಬದಲಿಸಬೇಕು.

ಪ್ರಶ್ನೆ: ಚೈನು, ಹಿಂದಿನ ಹಲ್ಲುಚಕ್ರಗಳನ್ನೂ ಪಟ್ಟಿಗೆ ಸೇರಿಸಿದ್ದಾರೆ. ಇದು ಡಿಕ್ಕಿಯ ಲೆಕ್ಕಕ್ಕೆ ಬರುತ್ತದೆಯೇ?

ಬಹುತೇಕ ಬರುವುದಿಲ್ಲ. ಅವು ಓಡಾಟದಿಂದ ಸವೆಯುವ ಭಾಗಗಳು. ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಅಳತೆಪಟ್ಟಿಯ ಸೊನ್ನೆಯನ್ನಿಟ್ಟರೆ, ಅದನ್ನು ಬಿಟ್ಟು ಮುಂದೆ ಎಣಿಸಿದ 24ನೆಯ ಪಿನ್ನು ಹೊಸ ಚೈನಿನಲ್ಲಿ ನಿಖರವಾಗಿ 12 ಇಂಚಿಗೆ ಬರುತ್ತದೆ. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ, ಎಂಟನೇ ಒಂದು ಭಾಗ ಹೋಗಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಆದರೆ ಆ ಖರ್ಚು ನಿಮ್ಮದು; ಅದನ್ನು ಡಿಕ್ಕಿ ಹೊಡೆದವರಿಂದ ವಸೂಲು ಮಾಡಲು ಹೋಗುವುದು ಸರಿಯಲ್ಲ, ನಿಮ್ಮ ನ್ಯಾಯವಾದ ಬೇಡಿಕೆಯ ಮೇಲೂ ಅವಿಶ್ವಾಸ ಹುಟ್ಟಿಸುತ್ತದೆ. ಮೆಕ್ಯಾನಿಕ್ ಅದನ್ನು ಬರೆದದ್ದು ವಂಚನೆಯೆಂದೂ ಕೂಡಲೇ ತಿಳಿಯಬೇಡಿ. ಸೈಕಲ್ ಹೇಗೂ ಬಿಚ್ಚಿದ್ದೇವೆ, ಇದನ್ನೂ ಮಾಡಿಬಿಡೋಣ ಎಂಬ ಕಾಳಜಿಯಿಂದ ಬರೆದಿರಬಹುದು. ಡಿಕ್ಕಿಯ ಕೆಲಸ ಒಂದು ಹಾಳೆಯಲ್ಲಿ, ಸವೆತದ ಕೆಲಸ ಇನ್ನೊಂದು ಹಾಳೆಯಲ್ಲಿ ಬರೆದುಕೊಡಲು ಕೇಳಿ.

ಪ್ರಶ್ನೆ: ಭಾಗಗಳ ಬೆಲೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಪೊಟ್ಟಣದಲ್ಲಿ ಬರುವ ಭಾಗಗಳ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿಸಿರಬೇಕು, ಮತ್ತು ಆ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಮುದ್ರಿತ ಬೆಲೆಯ ಮೇಲೆ ಮತ್ತೆ ಜಿಎಸ್‌ಟಿ ಸೇರಿಸಿದ ಪಟ್ಟಿ ನಿಮ್ಮ ಕೈಗೆ ಬಂದರೆ ಆ ಸಾಲನ್ನು ಹೊಡೆದುಹಾಕಲು ನಿಸ್ಸಂಕೋಚವಾಗಿ ಹೇಳಿ. ಸೈಕಲ್ಲು ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ದರ ಕಂಡರೆ ಪ್ರಶ್ನಿಸಿ. ಭಾಗದ ಕಂಪನಿ, ಮಾದರಿ, ಅಳತೆ ಪಟ್ಟಿಯಲ್ಲಿ ಇರಲೇಬೇಕು. ಬರೀ 'ರಿಮ್ – 1' ಎಂದು ಬರೆದ ಸಾಲಿನ ಬೆಲೆಯನ್ನು ಯಾರೂ ಹೋಲಿಸಲಾರರು. ನಾನಾ ಪೇಠಿನಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ, ಅಥವಾ ಆನ್‌ಲೈನಿನಲ್ಲಿ ಅದೇ ಮಾದರಿಯನ್ನು ಹುಡುಕಿದರೆ, ಬೆಲೆಯ ಅಂದಾಜು ಸಿಗುತ್ತದೆ.

ಆದರೆ ಅಂಗಡಿಯವರು ಆನ್‌ಲೈನಿನ ಅತಿ ಕಡಿಮೆ ಬೆಲೆಗೇ ಕೊಡಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಭಾಗ ಹೊಂದದಿದ್ದರೆ ವಾಪಸ್ ಪಡೆಯುವ, ನಾಳೆ ಕೆಟ್ಟರೆ ನೋಡಿಕೊಡುವ ಹೊಣೆ ಅವರ ಮೇಲಿರುತ್ತದೆ.

ಪ್ರಶ್ನೆ: ಮಜೂರಿ ಎಷ್ಟಿರಬೇಕು?

ಎಲ್ಲೆಡೆಗೂ ಒಪ್ಪುವ ದರಪಟ್ಟಿ ಇಲ್ಲ. ಕಸಬಾ ಪೇಠಿನ ಹಳೆಯ ಅಂಗಡಿಗೂ ಬಾಣೇರಿನ ಹವಾನಿಯಂತ್ರಿತ ಶೋರೂಮಿಗೂ ಬಾಡಿಗೆಯೂ ಉಪಕರಣಗಳೂ ಬೇರೆ. ಎರಡು ಬಾರಿ ಎಣಿಸಿದ ಮಜೂರಿಯನ್ನು ಮಾತ್ರ ಎಚ್ಚರದಿಂದ ಹುಡುಕಿ. ಫೋರ್ಕ್ ಬದಲಿಸಲು ಮುಂದಿನ ಗಾಲಿ, ಬ್ರೇಕು, ಹ್ಯಾಂಡಲ್ ಹೇಗೂ ಬಿಚ್ಚಲೇಬೇಕು. ಫೋರ್ಕಿನ ಮಜೂರಿ ಬರೆದ ಮೇಲೆ ಹ್ಯಾಂಡಲ್ ಬಿಚ್ಚಿ ಜೋಡಿಸಲು, ಬ್ರೇಕು ಹೊಂದಿಸಲು ಪುನಃ ಪೂರ್ತಿ ಹಣ ಹಾಕಿದ್ದರೆ ಅದನ್ನು ಎತ್ತಿ ತೋರಿಸಿ. ಹಾಗೆಯೇ 'ಫುಲ್ ಸರ್ವಿಸ್' ಎಂಬ ಸಾಲಿನೊಳಗೆ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ, ಏಕೆಂದರೆ ಗಾಲಿಯ ಬೆಂಡ್ ತೆಗೆಯುವುದು, ಗೇರು ಹೊಂದಿಸುವುದು ಅದರೊಳಗೂ ಇದ್ದು ಹೊರಗೂ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದುಂಟು.

ಪ್ರಶ್ನೆ: ಇನ್ನೊಂದು ಅಂಗಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಹೇಳಿದರು. ಅಲ್ಲಿಗೇ ಕೊಡಲೇ?

ಎರಡನೆಯ ಅಂದಾಜು ಪಡೆಯುವುದು ಒಳ್ಳೆಯದು, ಆದರೆ ಮೊದಲ ಅಂಗಡಿಯ ಮೊತ್ತವನ್ನು ಅಲ್ಲಿ ಹೇಳಬೇಡಿ. ಎರಡು ಪಟ್ಟಿಗಳ ನಡುವೆ ದೊಡ್ಡ ಅಂತರವಿದ್ದರೆ, ಯಾರು ಏನನ್ನು ಬಿಟ್ಟಿದ್ದಾರೆ ಎಂದು ನೋಡಿ.

ಕೆಲವು ವರ್ಷಗಳ ಹಿಂದೆ ಪೌಡ್ ರಸ್ತೆಯಲ್ಲಿ ಎದುರಿನಿಂದ ತಪ್ಪು ದಾರಿಯಲ್ಲಿ ಬಂದ ಸ್ಕೂಟರಿಗೆ ನನ್ನ ಸೈಕಲ್ ಡಿಕ್ಕಿಯಾಯಿತು. ಒಂದು ಅಂಗಡಿಯಲ್ಲಿ ಗಾಲಿ ಮತ್ತು ಫೋರ್ಕು ಎರಡನ್ನೂ ಬದಲಿಸಲು ಹೇಳಿದರು. ಇನ್ನೊಂದರಲ್ಲಿ ಗಾಲಿಯ ಬೆಂಡ್ ತೆಗೆದರೆ ಸಾಕು ಎಂದರು. ಕಡಿಮೆ ಹೇಳಿದವರೇ ಪ್ರಾಮಾಣಿಕರು ಎಂದು ನಾನು ಎರಡನೆಯವರಿಗೆ ಕೊಟ್ಟೆ. ಹದಿನೈದು ದಿನ ಸೈಕಲ್ ಒಂದೇ ಬದಿಗೆ ಎಳೆಯುತ್ತಿತ್ತು. ನಾನು ಅದನ್ನು ಅಭ್ಯಾಸ ಮಾಡಿಕೊಂಡೆ. ಕೊನೆಗೆ ಒಂದು ಬೆಳಗ್ಗೆ ಸಿಂಹಗಡಕ್ಕೆ ಹೊರಡುವ ಮುನ್ನ ಒರೆಸುವಾಗ, ಫೋರ್ಕಿನ ಎಡಗಾಲಿನ ಮೇಲ್ತುದಿಯಲ್ಲಿ ಬಿರುಕು ಕಾಣಿಸಿತು. ಅಂದು ಒರೆಸದೇ ಹೊರಟಿದ್ದರೆ ಆ ಬಿರುಕು ಗಡದ ಇಳಿಜಾರಿನಲ್ಲಿ ಬಾಯಿ ತೆರೆಯುತ್ತಿತ್ತೇನೋ. ಆ ದಿನದಿಂದ ನಾನು ಅಂದಾಜು ನೋಡುವಾಗ ಹೆಚ್ಚು ಬರೆದದ್ದನ್ನು ಹುಡುಕುವಷ್ಟೇ ಶ್ರದ್ಧೆಯಿಂದ, ಬರೆಯದೆ ಬಿಟ್ಟದ್ದನ್ನೂ ಹುಡುಕುತ್ತೇನೆ. ಮುಂದಿನಿಂದ ಪೆಟ್ಟು ತಿಂದ ಸೈಕಲ್ಲಿನ ಪಟ್ಟಿಯಲ್ಲಿ ಫೋರ್ಕು ಪರೀಕ್ಷಿಸಿದ ಉಲ್ಲೇಖವೇ ಇಲ್ಲದಿದ್ದರೆ ಆ ಪಟ್ಟಿ ಎಷ್ಟು ಅಗ್ಗವಾಗಿದ್ದರೂ ನ್ಯಾಯವಾದದ್ದಲ್ಲ.

ಪ್ರಶ್ನೆ: ಮರಾಠಿ ಸರಿಯಾಗಿ ಬಾರದು. ಮೆಕ್ಯಾನಿಕ್ ಹತ್ತಿರ ಹೇಗೆ ಮಾತಾಡಲಿ?

ಕೆಲವು ಪದ ಗೊತ್ತಿದ್ದರೆ ಸಾಕು. ಇಲ್ಲಿ ಫೋರ್ಕಿಗೆ ಚಿಮಟಾ ಎನ್ನುತ್ತಾರೆ, ಗಾಲಿಗೆ ಚಾಕ್, ಬಾಗಿದ್ದಕ್ಕೆ ವಾಕಡಾ. ಗಾಲಿಯ ಬೆಂಡ್ ತೆಗೆಯುವುದಕ್ಕೆ 'ಔಟ್ ಕಾಢಣೆ' ಎಂಬ ಮಾತಿದೆ. ಹಿರಿಯ ಮೆಕ್ಯಾನಿಕ್ ಆದರೆ ಕಾಕಾ ಎಂದೂ ವಯಸ್ಸಿನಲ್ಲಿ ಹತ್ತಿರದವರಾದರೆ ದಾದಾ ಎಂದೂ ಕರೆಯಿರಿ. 'ಕಾಕಾ, ಎಸ್ಟಿಮೇಟ್ ಲಿಹೂನ್ ದ್ಯಾ' ಎಂದರೆ ಅಂದಾಜು ಬರೆದುಕೊಡಿ ಎಂದರ್ಥ. 'ಜುನೇ ಪಾರ್ಟ್ ಪರತ್ ದ್ಯಾ' ಎಂದರೆ ಹಳೆಯ ಭಾಗಗಳನ್ನು ವಾಪಸ್ ಕೊಡಿ ಎಂದರ್ಥ. ಈ ಎರಡನೆಯ ವಾಕ್ಯವನ್ನು ಕೆಲಸ ಶುರುವಾಗುವ ಮೊದಲೇ ಹೇಳಿಬಿಡಿ. ಬದಲಿಸಿದ ಭಾಗ ನಿಜವಾಗಿಯೂ ಕೆಟ್ಟಿತ್ತೇ ಎಂದು ಕಣ್ಣಾರೆ ನೋಡಬಹುದು, ಪರಿಹಾರ ಕೇಳುವಾಗ ಸಾಕ್ಷಿಯೂ ಆಗುತ್ತದೆ. ವಿಜಯಪುರ, ಕಲಬುರಗಿ ಕಡೆಯ ಮೆಕ್ಯಾನಿಕ್‌ಗಳೂ ಈ ಊರಿನಲ್ಲಿದ್ದಾರೆ, ಕನ್ನಡದಲ್ಲೇ ಮಾತು ಮುಗಿಯಲೂಬಹುದು.

ಪ್ರಶ್ನೆ: ರಿಪೇರಿಯ ಮೊತ್ತ ಸೈಕಲ್ಲಿನ ಬೆಲೆಯ ಹತ್ತಿರ ಬಂದರೆ?

ಹೋಲಿಸಬೇಕಾದದ್ದು ಕೊಂಡಾಗಿನ ಬೆಲೆಯೊಡನೆ ಅಲ್ಲ, ಅಂಥದೇ ಸ್ಥಿತಿಯ ಹಳೆಯ ಸೈಕಲ್ ಇಂದು ಎಷ್ಟಕ್ಕೆ ಸಿಗುತ್ತದೆ ಎಂಬುದರೊಡನೆ. 24,000 ರೂಪಾಯಿಗೆ ಕೊಂಡ ಸೈಕಲ್ಲು ಡಿಕ್ಕಿಯ ಹಿಂದಿನ ದಿನ 12,000ಕ್ಕೆ ಮಾರಾಟವಾಗುತ್ತಿತ್ತು ಎಂದುಕೊಳ್ಳಿ. ರಿಪೇರಿಗೆ 5,000 ಆದರೆ ಮಾಡಿಸುವುದು ಸರಿ. 10,000 ಆದರೆ, ಅದರಲ್ಲೂ ಫ್ರೇಮಿನ ಬಗ್ಗೆ ಸಂಶಯ ಉಳಿದಿದ್ದರೆ, ಒಳ್ಳೆಯ ಭಾಗಗಳನ್ನು ಕಳಚಿಟ್ಟುಕೊಂಡು ಬೇರೆ ಸೈಕಲ್ ನೋಡುವುದು ಮೇಲು. ಅಪ್ಪನ ಕಾಲದ ಸೈಕಲ್ಲಾದರೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅನ್ವಯಿಸಲೂ ಬೇಕಿಲ್ಲ.

ಪ್ರಶ್ನೆ: ಡಿಕ್ಕಿ ಹೊಡೆದವರು ಸ್ಥಳದಲ್ಲೇ ಹಣ ಕೊಡುತ್ತೇವೆ ಎಂದರೆ ತೆಗೆದುಕೊಳ್ಳಬೇಕೇ?

ಗೀರು ಮಾತ್ರ ಬಿದ್ದಿದ್ದರೆ ತೆಗೆದುಕೊಂಡು ಮುಗಿಸಬಹುದು. ಗಾಲಿ ಅಥವಾ ಫೋರ್ಕು ಪೆಟ್ಟು ತಿಂದಿದ್ದರೆ ರಸ್ತೆಯ ಬದಿಯಲ್ಲಿ ನಿಂತು ಮೊತ್ತ ನಿರ್ಧರಿಸಲಾಗದು. ಅಂದಾಜು ಬರೆಸಿದ ಮೇಲೆ ಕೊಡಿ ಎಂದು ಹೇಳಿ, ವಾಹನದ ನಂಬರು ಮತ್ತು ವಿಮೆಯ ವಿವರ ಪಡೆದುಕೊಳ್ಳಿ. ಆ ಭಾಗದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾದರೆ ಮುಂದೆ ವಿಮೆಯಿಂದ ಪಡೆಯಲು ಸುಲಭ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪ್ರತಿ ಮೋಟಾರು ವಾಹನಕ್ಕೂ ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಕಡ್ಡಾಯ, ಮತ್ತು ಅದು ಮೂರನೆಯವರ ಆಸ್ತಿಗಾದ ಹಾನಿಗೂ ಅನ್ವಯಿಸುತ್ತದೆ. ನಿಮ್ಮ ಸೈಕಲ್ಲು ಅಂಥ ಆಸ್ತಿಯೇ. ಆಸ್ತಿ ಹಾನಿಯ ಮಿತಿ ಸಾಮಾನ್ಯವಾಗಿ ಕಾರಿಗೆ 7.5 ಲಕ್ಷ, ದ್ವಿಚಕ್ರ ವಾಹನಕ್ಕೆ 1 ಲಕ್ಷ ರೂಪಾಯಿ. ಕಡಿಮೆ ಪ್ರೀಮಿಯಂ ಕಟ್ಟಲು ಮಾಲೀಕರು ಅದನ್ನು 6,000ಕ್ಕೆ ಇಳಿಸಿಕೊಂಡಿರಲೂಬಹುದು. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಾಗುತ್ತದೆ. ಡಿಕ್ಕಿ ನಡೆದ ಸ್ಥಳದ ಮಂಡಳಿಗಾಗಲಿ ನೀವು ವಾಸಿಸುವ ಸ್ಥಳದ ಮಂಡಳಿಗಾಗಲಿ ಹಾಕಬಹುದು, ಆರು ತಿಂಗಳೊಳಗೆ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಡಿಕ್ಕಿ ಹೊಡೆದು ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರಕಾರದ ಪರಿಹಾರ ಸಾವು ಮತ್ತು ತೀವ್ರ ಗಾಯಗಳಿಗೆ ಮಾತ್ರ, ಸೈಕಲ್ಲಿಗೆ ಸಿಗುವುದಿಲ್ಲ.

ಎರಡು ಮೂರು ಸಾವಿರದ ಹಾನಿಗೆ ವಕೀಲರನ್ನು ಹಿಡಿಯುವುದು ಯಾರಿಗೂ ಲಾಭವಲ್ಲ. ಅಂಥಲ್ಲಿ ಬರೆದ ಅಂದಾಜು, ಫೋಟೋ, ಬಿಲ್ಲು ತೋರಿಸಿ ಶಾಂತವಾಗಿ ಕೇಳುವುದೇ ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ಹೆಲ್ಮೆಟ್ಟಿನ ಬೆಲೆಯನ್ನೂ ಸೇರಿಸಬಹುದೇ?

ಖಂಡಿತ ಸೇರಿಸಿ. ತಲೆ ನೆಲಕ್ಕೆ ತಗುಲಿದ್ದರೆ ಒಳಗಿನ ಫೋಮು ಒಮ್ಮೆ ಅದುಮಿಕೊಂಡು ತನ್ನ ಕೆಲಸ ಮುಗಿಸಿರುತ್ತದೆ. ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಮತ್ತೆ ಧರಿಸಬೇಡಿ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಬಿಲ್ಲು ಅಂದಾಜಿಗಿಂತ ಹೆಚ್ಚಾದರೆ?

ಬಿಚ್ಚಿದ ಮೇಲೆ ಹೊಸ ಹಾನಿ ಕಾಣುವುದು ಸಹಜ. ಹಾಗಾದಾಗ ಮುಂದುವರಿಯುವ ಮೊದಲು ಫೋನ್ ಮಾಡಿ, ಫೋಟೋ ಕಳಿಸಿ ಒಪ್ಪಿಗೆ ಪಡೆಯಬೇಕೆಂದು ಅಂದಾಜಿನ ಕೆಳಗೆ ಒಂದು ಸಾಲು ಬರೆಸಿ. ಕೇಳದೆ ಮಾಡಿದ ಕೆಲಸಕ್ಕೆ ಹಣ ಕೊಡಲು ಒಪ್ಪದಿದ್ದಾಗ ಜಗಳವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಾಚೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗವಿದೆ.

ಪ್ರಶ್ನೆ: ಸೈಕಲ್ ವಾಪಸ್ ಪಡೆಯುವಾಗ ಏನು ನೋಡಬೇಕು?

ಹಣ ಕೊಡುವ ಮೊದಲು ಗಾಲಿಗಳನ್ನು ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಅಂತರ ಸುತ್ತಲೂ ಸಮನಾಗಿದೆಯೇ ನೋಡಿ. ಒಂದು ಮಿಲಿಮೀಟರಿನೊಳಗಿನ ಓಲಾಟ ಒಪ್ಪುವಂಥದು. ಎಲ್ಲ ಗೇರುಗಳನ್ನೂ ಹಾಕಿ ತೆಗೆದು, ವಾಹನವಿಲ್ಲದ ಗಲ್ಲಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ, ಒಂದೇ ಬದಿಗೆ ಎಳೆಯುತ್ತದೆಯೇ ಗಮನಿಸಿ. ಹೊಸದಾಗಿ ಕಟ್ಟಿಸಿದ ಗಾಲಿಯ ಸ್ಪೋಕುಗಳು ಮೊದಲ ಕೆಲವು ದಿನಗಳ ಓಡಾಟದಲ್ಲಿ ಜಾಗ ಹಿಡಿದು ಸ್ವಲ್ಪ ಸಡಿಲಾಗುವುದರಿಂದ, ಒಂದೆರಡು ವಾರದಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಬೇಕು. ಆ ಎರಡನೆಯ ಬಿಗಿತ ಈ ಮಜೂರಿಯಲ್ಲೇ ಸೇರಿದೆಯೇ ಎಂದು ಕೇಳಿ, ಸೇರಿದ್ದರೆ ಬಿಲ್ಲಿನ ಮೇಲೆಯೇ ಬರೆಸಿಕೊಂಡು ಬನ್ನಿ.